ಖಾರದ ಹಿಂದಿನ ಪಾಳಿ

ಹರಪನಹಳ್ಳಿಯ ನಮ್ಮ ಓಣಿಯ ಗಿರಣಿಯಲ್ಲಿ ಇರುವುದು ಒಂದೇ ಕಲ್ಲು. ಜೋಳ, ಗೋಧಿ, ಒಣಮೆಣಸಿನಕಾಯಿ ಎಲ್ಲವೂ ಅದರಲ್ಲೇ. ನಿನ್ನೆ ಉದ್ದನೆಯ ಸಾಲಿನಲ್ಲಿ ನನ್ನ ಮುಂದೆ ಹಲವಾಗಲು ಹಳ್ಳಿಯ ಒಬ್ಬ ಹೆಂಗಸು, ಕಾಲೇಜು ಓದುವ ತಮ್ಮ ಅಣ್ಣನ ಮಗಳ ಜೊತೆ ಜೋಳದ ಡಬ್ಬಿ ಇಟ್ಟುಕೊಂಡು ನಿಂತಿದ್ದರು.

“ನಾಕರ ಬಸ್ ಸಿಗತೈತೇನವ್ವಾ ವಾಣಿಶ್ರೀ?”

“ಇಲ್ಲತ್ತಿ. ಬರೋರು ಜಾಸ್ತಿ, ಬೀಸೋದು ನಿಧಾನ. ಹಿಂಗಾದ್ರ ಸಾಲು ಬೆಳಕೋಂತನ ಹೋಗತೈತಿ.”

“ಎರಡೂ ಸಮ ಆದ್ರ?”

“ಆದ್ರೂ ಬೆಳೀತೈತಿ. ಯಾರೂ ಬರದಾಗ ಕಲ್ಲು ಖಾಲಿ ತಿರುಗತೈತಿ, ಆ ಹೊತ್ತು ವಾಪಸ್ ಬರಂಗಿಲ್ಲ. ಕಲ್ಲಿಗೆ ಆಗಾಗ ಬಿಡುವಿದ್ರ ಮಾತ್ರ ಸಾಲು ಹತೋಟ್ಯಾಗಿರತೈತಿ.”

“ಇದನ್ನ ಕಲಿಯಾಕ ಕಾಲೇಜಿಗೆ ಹೋದ್ಯಾ? ಈ ಬಸ್ ತಪ್ಪಿದ್ರ ಮುಂದಿಂದು ಎಂಟಕ್ಕ. ಮನಿಯಾಗ ಚೂರೂ ಹಿಟ್ಟಿಲ್ಲ. ರೊಟ್ಟಿ ತಡ ಆದ್ರ ನಿಮ್ಮ ಮಾವ ಓಣಿನೇ ಎಬ್ಬಸ್ತಾರ.”

ಅಷ್ಟರಲ್ಲಿ ಯಾರದೋ ಮೆಣಸಿನಕಾಯಿ ಬೀಸಿ ಮುಗಿಯಿತು. ಗಿರಣಿಯ ಗವಿಸಿದ್ದೇಶ್ ಕಣ್ಣೊರೆಸಿಕೊಂಡು, “ಮುಂದ ಯಾರ್ರಿ?” ಎಂದರು.

ಖಾರದ ಬೆನ್ನಿಗೇ ಬೀಸಿದರೆ ಹಿಟ್ಟೂ ಖಾರ. ಸಾಲಿನಲ್ಲಿದ್ದವರೆಲ್ಲ ಹಿಂದೆ ಸರಿದು, “ನೀವ್ ಹಾಕ್ರಿ, ನೀವ್ ಹಾಕ್ರಿ” ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡತೊಡಗಿದರು. ನಾನೂ ಸರಿದೆ.

“ಅತ್ತಿ, ಇಷ್ಟು ಮಂದಿ ನಿಂತಾರ, ಆದ್ರೂ ಕಲ್ಲು ಖಾಲಿ ತಿರುಗಾಕ ಹತ್ತೈತಿ! ಇಂಥಾ ಲೆಕ್ಕ ನಮ್ಮ ಪಾಠದಾಗ ಇಲ್ಲ.”

“ಇಲ್ಲದಿದ್ರ ಬಿಡು, ಡಬ್ಬಿ ಎತ್ತು. ನಮ್ದು ಹಾಕ್ರಪ್ಪ!”

“ಮಾವ ಉರಿ ಉರಿ ಅಂತ ಕುಣೀತಾರಲ್ಲ?”

“ಕುಣೀಲಿ. ಪಲ್ಯ ಮಾಡೋ ಕೆಲಸ ತಪ್ಪಿತು.”

ಬಿಸಿ ಹಿಟ್ಟಿನ ಡಬ್ಬಿ ಹೊತ್ತುಕೊಂಡು, ಸೀನುತ್ತ ಸೀನುತ್ತ, ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಓಡಿದರು.