ಒಂಬತ್ತನೆಯ ಪುಟದ ತಪ್ಪೊಪ್ಪು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದಿನ ಅಭಿನಂದನೆಗೆ ಪಾತ್ರರಾದ ನಮ್ಮ ಮುದ್ರಣಾಲಯದ ಹಿರಿಯ ಮೊಳೆಜೋಡಣೆಗಾರರೇ, ಅವರ ಪಕ್ಕದಲ್ಲಿ ಕುಳಿತು ನನ್ನನ್ನೇ ನೆಟ್ಟ ನೋಟದಿಂದ ನೋಡುತ್ತಿರುವ ಅವರ ಶ್ರೀಮತಿಯವರೇ, ಹಳೆಯ ಒಡನಾಡಿಗಳೇ, ಸಭಿಕರೇ,

ಮೊದಲು ಒಂದು ಕ್ಷಮಾಯಾಚನೆ. ನಿಮ್ಮೆಲ್ಲರ ಕೈಯಲ್ಲಿರುವ ಅಭಿನಂದನ ಸಂಚಿಕೆಯ ಒಂಬತ್ತನೆಯ ಪುಟದಲ್ಲಿ ನನ್ನದೊಂದು ಪತ್ರವಿದೆ. ಅದರಲ್ಲಿ ತಪ್ಪಿದೆ. ನಲವತ್ತೊಂದು ವರ್ಷ ಕರಡಚ್ಚು ತಿದ್ದಿದವನ ಬರಹದಲ್ಲಿ ತಪ್ಪೇ? ಹೌದು, ತಪ್ಪೇ. ನನ್ನ ಹಿಂದೆ ಕಟ್ಟಿರುವ ಬಟ್ಟೆಯ ಫಲಕದಲ್ಲಿಯೂ ಮೂರು ತಪ್ಪುಗಳಿವೆ. ಅಂಥವುಗಳ ಮಾತೆತ್ತುವುದಿಲ್ಲವೆಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದೇನೆ. ಮೂರಲ್ಲ, ನಾಲ್ಕು. ಇರಲಿ.

ಆ ಪತ್ರದಲ್ಲಿ ನಾನು ನಿಮಗೆಲ್ಲ ಗೊತ್ತಿರುವ ಕಥೆಯನ್ನೇ ಬರೆದಿದ್ದೇನೆ. ಮೂವತ್ತೆಂಟು ವರ್ಷಗಳ ಹಿಂದೆ ನಮ್ಮ ಈ ಮೊಳೆಜೋಡಣೆಗಾರರು ತಮ್ಮ ಮದುವೆಯ ಕರೆಯೋಲೆಗೆ ತಾವೇ ಸೀಸದ ಅಚ್ಚುಮೊಳೆ ಜೋಡಿಸಿ, ರಜೆ ಹಾಕಿ ವಧುವಿನ ಊರಿಗೆ ಹೋದರು. ತಂದೆತಾಯಿಯರಿಲ್ಲದ ಇವರ ಕಡೆಯವರೆಂದರೆ ನಾವೇ, ಇಪ್ಪತ್ತಾರು ಮಂದಿ. ಕರೆಯೋಲೆಯಲ್ಲಿದ್ದಂತೆ ಹದಿನೈದನೆಯ ತಾರೀಖು ಉಡುಗೊರೆಗೆಂದು ಒಂದು ಗೋಡೆ ಗಡಿಯಾರವನ್ನು ಹೊತ್ತುಕೊಂಡು ಹೋದೆವು. ಸಭಾಂಗಣದಲ್ಲಿ ಒಬ್ಬಾತ ಕುರ್ಚಿ ಮಡಚುತ್ತಿದ್ದ. "ಮದುವೇನಾ? ನಿನ್ನೇನೇ ಆಯ್ತಲ್ಲ! ಬೇಕಾದ್ರೆ ಕೂತ್ಕೊಳ್ಳಿ, ಮಡಚದೇ ಇರೋ ಕುರ್ಚಿ ಇನ್ನೂ ನಾಲ್ಕಿದೆ" ಎಂದ.

ಅಂದಿನಿಂದ ಇವರಿಗೆ ಬಿದ್ದ ಹೆಸರು 'ಮರುದಿನ'. ಇಟ್ಟವನು ನಾನು. ಸ್ವಂತ ಮದುವೆಯ ತಾರೀಖನ್ನೇ ಸರಿಯಾಗಿ ಜೋಡಿಸಲಾರದವರು ಎಂದು ನಕ್ಕವನು ನಾನು, ನೀವೂ ನಕ್ಕಿರಿ. ಇವರೂ ನಕ್ಕರು. ಗಡಿಯಾರವನ್ನು ಹಿಂದಕ್ಕೆ ತಂದು ನನ್ನ ಕೋಣೆಯ ಗೋಡೆಗೆ ತೂಗುಹಾಕಿದೆವು.

ಇನ್ನು ಇತಿಹಾಸಕ್ಕೆ ಬರುತ್ತೇನೆ. ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಔಷಧದ ಪೆಟ್ಟಿಗೆಗಳ ಮೇಲಿನ ಬರಹವನ್ನು ತಿದ್ದುತ್ತಿದ್ದೆ. ಅದನ್ನು ಸಹಿಸಲಾರದೆ ನನ್ನಾಕೆ, "ರೀ, ಕೆಂಪು ಶಾಯಿ ತಾಗಿ ಮಾತ್ರೆ ಯಾವುದು ಅಂತಲೇ ತಿಳೀತಿಲ್ಲ. ಏನಾದ್ರೂ ಓದಬಾರ್ದಾ?" ಎಂದಳು. ಮೊಮ್ಮಗಳು ಅಂತರ್ಜಾಲದ ಮೂಲಕ ಕಲಿಸುವ ಇತಿಹಾಸದ ಸ್ನಾತಕೋತ್ತರ ತರಗತಿಗೆ ನನ್ನನ್ನು ಸೇರಿಸಿದಳು. ಅರ್ಜಿಯ ವಯಸ್ಸಿನ ಅಂಕಣದಲ್ಲಿ ಎಪ್ಪತ್ತೆರಡು ಎಂದು ಬರೆದರೆ ಗಣಕಯಂತ್ರವು 'ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ' ಎಂದಿತು. ಪರಿಶೀಲಿಸಿದೆ. ಎಪ್ಪತ್ತೆರಡೇ.

ಮೊದಲ ತರಗತಿಗೆ ಅಧ್ಯಾಪಕಿಯವರು ಬಂದೊಡನೆ ಗೌರವದಿಂದ ಎದ್ದು ನಿಂತೆ. "ಯಾರದೋ ಅಂಗಿಯ ಮೂರನೇ ಗುಂಡಿ ಮಾತ್ರ ಕಾಣ್ತಿದೆ. ದಯವಿಟ್ಟು ಕೂತ್ಕೊಳ್ಳಿ" ಎಂದರು. ಕುಳಿತೆ. ಧ್ವನಿಯನ್ನು ಮುಚ್ಚಿಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಅವರು ಸಾಮ್ರಾಜ್ಯಗಳ ಪತನದ ಕಾರಣಗಳನ್ನು ವಿವರಿಸುತ್ತಿದ್ದಾಗ ನನ್ನಾಕೆ ಒಳಗಿನಿಂದ, "ರೀ, ಸ್ನಾನಕ್ಕೆ ನೀರು ಕಾದಿದೆ" ಎಂದದ್ದು ಅರವತ್ತಮೂರು ವಿದ್ಯಾರ್ಥಿಗಳಿಗೆ ಕೇಳಿಸಿತು. ಅಂದಿನಿಂದ ಪ್ರತಿ ತರಗತಿಯ ಆರಂಭದಲ್ಲಿಯೂ ಯಾರಾದರೊಬ್ಬರು "ತಾತ, ನೀರು ಕಾಯ್ತಾ?" ಎಂದು ಕೇಳುವುದು ವಾಡಿಕೆಯಾಗಿದೆ. ಹೆಸರಿಡುವುದು ಎಷ್ಟು ಸುಲಭ ನೋಡಿ! ಹೊರುವವನಿಗಷ್ಟೇ ಅದರ ಭಾರ ಗೊತ್ತು.

ಎರಡನೆಯ ವರ್ಷದಲ್ಲಿ, ದುಡಿದ ಸ್ಥಳದ ಒಂದು ಘಟನೆಯ ಇತಿಹಾಸವನ್ನು ಬರೆಯಬೇಕಿತ್ತು. ನನಗೆ ಚಿಂತೆಯೇ? ಆಗಷ್ಟೇ ಸಂಚಿಕೆಗೆ ಕಳುಹಿಸಿದ್ದ ಪತ್ರವನ್ನೇ ಹಿಗ್ಗಿಸಿ, ಒಂದೂ ಅಕ್ಷರದೋಷವಿಲ್ಲದ ಇಪ್ಪತ್ತು ಪುಟಗಳನ್ನು ಒಪ್ಪಿಸಿದೆ. ಇಪ್ಪತ್ತಕ್ಕೆ ನಾಲ್ಕು ಅಂಕ ಬಂತು. "ಸರ್, ಭಾಷೆ ಚೆನ್ನಾಗಿದೆ. ಆದ್ರೆ ಇದಕ್ಕೆ ಆಧಾರ ಏನು?" ಎಂದು ಅಧ್ಯಾಪಕಿಯವರು ಕೇಳಿದರು. ನನ್ನ ನೆನಪು ಎಂದೆ. ಮೊಮ್ಮಗಳ ವಯಸ್ಸಿನ ಆಕೆ ನಕ್ಕು, "ನೆನಪು ಬರೀ ಸುಳಿವು ಸರ್, ಸಾಕ್ಷಿ ಅಲ್ಲ. ಕಾಗದ ತೋರಿಸಿ" ಎಂದರು.

ಸಿಟ್ಟು ಬಂತು. ಕಾಗದವನ್ನೇ ಮುಖಕ್ಕೆ ಹಿಡಿಯುತ್ತೇನೆಂದು ಮುದ್ರಣಾಲಯದ ಉಗ್ರಾಣಕ್ಕೆ ಹೋದೆ. ಪ್ರತಿಯೊಂದು ಕರಡಚ್ಚನ್ನೂ ವರ್ಷವಾರು ಬಟ್ಟೆಯಲ್ಲಿ ಕಟ್ಟಿಡಬೇಕೆಂಬ ನಿಯಮವಿತ್ತಲ್ಲವೇ? ನಿಯಮ ಮಾಡಿದವನೂ ನಾನೇ. ಮೂರು ದಿನ ಸೀನಿ, ನಾಲ್ಕನೆಯ ದಿನ ಆ ಕರೆಯೋಲೆಯ ಕರಡನ್ನು ಹಿಡಿದೆ.

ಸಭಿಕರೇ, ಇವರು ಜೋಡಿಸಿದ್ದು 'ಗುರುವಾರ, ಹದಿನಾಲ್ಕು'. ಅದನ್ನು ಹೊಡೆದುಹಾಕಿ ಅಂಚಿನಲ್ಲಿ 'ಹದಿನೈದು' ಎಂದು ಬರೆದದ್ದು ಕೆಂಪು ಶಾಯಿ. ನಮ್ಮಲ್ಲಿ ಕೆಂಪು ಶಾಯಿಯ ಲೇಖನಿ ಇದ್ದದ್ದು ಒಬ್ಬನ ಬಳಿ ಮಾತ್ರ.

ಏಕೆ ಹೀಗಾಯಿತು? ಅದೇ ಕಟ್ಟಿನಲ್ಲಿ ಮಾಲೀಕರಿಗೆ ನಾನು ಕೊಟ್ಟ ಚೀಟಿಯೊಂದು ಸಿಕ್ಕಿತು: 'ಈ ವರ್ಷದ ದಿನದರ್ಶಿಕೆಯಲ್ಲಿ ಹನ್ನೊಂದು ಮುದ್ರಣದೋಷಗಳಿವೆ. ಇದನ್ನು ನನ್ನ ಗೋಡೆಯ ಮೇಲೆ ಸಹಿಸಲಾರೆ. ಹಳೆಯದೇ ಇರಲಿ.' ಅರ್ಥವಾಯಿತೇ? ತಾರೀಖು ಬಂದರೆ ಗೋಡೆಯನ್ನು ನೋಡಿ ವಾರವನ್ನು ತಾಳೆಮಾಡುವುದು ನನ್ನ ಪದ್ಧತಿ. ಗೋಡೆಯ ಮೇಲಿದ್ದದ್ದು ಹಿಂದಿನ ವರ್ಷದ್ದು. ಆ ವರ್ಷ ಗುರುವಾರ ಬಿದ್ದದ್ದು ಹದಿನೈದಕ್ಕೆ. ತಪ್ಪಿಲ್ಲದ ದಿನದರ್ಶಿಕೆ ಬೇಕೆಂದವನು ಒಬ್ಬ ಮನುಷ್ಯನ ಮದುವೆಯನ್ನು ಅವನ ಕಡೆಯವರೆಲ್ಲರಿಗೂ ತಪ್ಪಿಸಿದೆ. ಒಡನಾಡಿಗಳೇ, ನೀವಾದರೂ ಕರೆಯೋಲೆಯಲ್ಲಿದ್ದ ವಾರವನ್ನು ನೋಡಬಾರದಿತ್ತೇ? ಬೇಡ, ಈ ಪ್ರಶ್ನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನಾನು ತಿದ್ದಿದ್ದನ್ನು ಮತ್ತೆ ನೋಡಬಾರದೆಂದು ನಿಮಗೆ ಕಲಿಸಿದವನೂ ನಾನೇ.

ಆ ತಿದ್ದುಪಡಿಯನ್ನು ಮರೆತಿದ್ದೆನೆಂದು ಹೊಸ ಪ್ರಬಂಧದಲ್ಲಿ ಬರೆದೆ. ಆಮೇಲೆ ಆ ಮಾತನ್ನು ಹೊಡೆದುಹಾಕಿ, 'ಹುಡುಕಿ ನೋಡಲು ಧೈರ್ಯವಿರಲಿಲ್ಲ' ಎಂದು ತಿದ್ದಿದೆ. ಬಹುಶಃ ಅದು ನನ್ನ ಜೀವಮಾನದ ಅತ್ಯುತ್ತಮ ತಿದ್ದುಪಡಿ.

ಕಳೆದ ಭಾನುವಾರ ಕರಡನ್ನು ಇವರ ಮನೆಗೆ ಒಯ್ದೆ. ಇವರು ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, "ಮೊಳೆ ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ ಸ್ವಾಮಿ?" ಎಂದರು. ಅಷ್ಟೇ. ಆದರೆ ಇವರ ಶ್ರೀಮತಿಯವರು ಕಾಗದವನ್ನು ತೆಗೆದುಕೊಂಡು ಎರಡು ಬಾರಿ ಓದಿದರು. "ನನ್ನನ್ನ ನಿಮಗೆಲ್ಲ ತೋರಿಸೋಕೆ ನಾಚಿಕೆಯಾಗಿ ಇವರೇ ಬೇಕಂತ ತಪ್ಪು ತಾರೀಖು ಹಾಕಿದ್ರು ಅಂದ್ಕೊಂಡಿದ್ದೆ" ಎಂದರು. ಮೂವತ್ತೆಂಟು ವರ್ಷ, ಸಭಿಕರೇ! ನಾವು ನಗುತ್ತಿದ್ದ ಮೂವತ್ತೆಂಟು ವರ್ಷ. ಕ್ಷಮಿಸಿ ಎಂದೆ. "ಇಲ್ಲಿ ಬೇಡ. ನಗಿಸಿದ್ದು ನಾಲ್ಕು ಜನರ ಮುಂದೆ, ಹೇಳೋದೂ ಅಲ್ಲೇ ಹೇಳಿ" ಎಂದರು.

ಅಮ್ಮಾ, ಹೇಳಿದ್ದೇನೆ. ತಾಳ್ಮೆಯಿಂದ ಕೇಳಿದ ನಿಮಗೂ, ನಾಲ್ಕು ಅಂಕ ಕೊಟ್ಟ ಅಧ್ಯಾಪಕಿಯವರಿಗೂ, ಎರಡು ಬಾರಿ ಗಂಟೆ ಬಾರಿಸಿಯೂ ನನ್ನನ್ನು ತಡೆಯದ ಅಧ್ಯಕ್ಷರಿಗೂ ನಾನು ಋಣಿ. ಈಗ ಲೇಖನಿ ತೆಗೆದುಕೊಳ್ಳಿ. ಒಂಬತ್ತನೆಯ ಪುಟವನ್ನು ತೆರೆಯಿರಿ.

ನಾಲ್ಕನೆಯ ಸಾಲು. ಮದುವೆಯ ದಿನ: 'ಹದಿನೈದು' ಎಂದಿರುವಲ್ಲಿ 'ಗುರುವಾರ, ಹದಿನಾಲ್ಕು' ಎಂದು ಓದಿಕೊಳ್ಳಬೇಕು.

ಹನ್ನೊಂದನೆಯ ಸಾಲು. ತಪ್ಪು ನಡೆದ ದಿನ: 'ಮೊಳೆ ಜೋಡಿಸಿದ ದಿನ' ಎಂದಿರುವಲ್ಲಿ 'ಕರಡು ತಿದ್ದಿದ ದಿನ, ಅದೇ ತಿಂಗಳ ಎರಡು' ಎಂದು ಓದಿಕೊಳ್ಳಬೇಕು.

ಹದಿನೇಳನೆಯ ಸಾಲು. ವರನ ಕಡೆಯವರು ಬಂದ ದಿನ: 'ಮರುದಿನ' ಎಂದಿರುವಲ್ಲಿ 'ಇಂದು, ಸಂಜೆ ಆರು ಗಂಟೆ ಹತ್ತು ನಿಮಿಷ' ಎಂದು ಓದಿಕೊಳ್ಳಬೇಕು. ಸಮಯವನ್ನು ನಾನು ಅಂದು ಕೊಡದೆ ಉಳಿದ ಈ ಗೋಡೆ ಗಡಿಯಾರದಲ್ಲಿ ನೋಡಿ ಹೇಳುತ್ತಿದ್ದೇನೆ. ಅದನ್ನು ಜೊತೆಯಲ್ಲಿಯೇ ತಂದಿದ್ದೇನೆ. ಮುದ್ರಣಾಲಯದ ಇಪ್ಪತ್ತಾರು ಮಂದಿಯಲ್ಲಿ ಇಂದು ಇಲ್ಲಿರುವವರೆಲ್ಲರೂ ದಯವಿಟ್ಟು ಎದ್ದು ಬನ್ನಿ. ವಧೂವರರು ಮೊದಲ ಸಾಲಿನಲ್ಲಿಯೇ ಕುಳಿತಿದ್ದಾರೆ. ನಮಸ್ಕಾರ.