ಆರಿಸಿ ಎಸೆದ ದನಿ

"ಹಲೋ... ಹಾಂ, ಹಳೇ ದಾಖಲೆ ವಿಭಾಗಾನೇ. ಯಾರು ಮಾತಾಡ್ತಿರೋದು?... ಯಾರ ಮಗಳು?... ಓಹೋ, ಕಾಲೇಜಲ್ಲಿ ಗಂಟೆ ಹೊಡೀತಿದ್ದ ಗಂಟೆ ತಾತನ ಮಗಳಾ! ಹೇಳಿ ಹೇಳಿ. ನಾವು ಕಳಿಸಿದ್ದು ಬಂತಾ? ತಂದೆಯವರ ರೆಕಾರ್ಡಿಂಗ್ ಕೇಳಿದ್ರಾ?"

ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪೆಟ್ಟಿಗೆ ಮೇಡಂ ಅಂತ. ನೆಲಮಾಳಿಗೆಯ ಕೋಣೆ, ಸೂರು ಮುಟ್ಟುವ ರಟ್ಟಿನ ಪೆಟ್ಟಿಗೆಗಳು, ಅವುಗಳೊಳಗೆ ವಿಶ್ವವಿದ್ಯಾಲಯದ ಅಷ್ಟೂ ಹಳೇ ಕಾಲ, ಮಧ್ಯೆ ಅವಳು. ಹೊಗಳಿಕೆ ಬರುತ್ತದೆ ಅನ್ನುವ ವಾಸನೆ ಬಡಿದರೆ ಸಾಕು, ಕುರ್ಚಿಯಲ್ಲಿ ನೆಟ್ಟಗಾಗುವ ಸ್ವಭಾವ. ಈಗಲೂ ಆದಳು.

"... ಅಲ್ವಾ? ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ ಅಲ್ವಾ? ಹಾಂ, ನಾನೇ ಮಾಡಿದ್ದು. ಆ ಕಾಲದಲ್ಲಿ ನಮ್ಮ ವಿಭಾಗದವರು ನಿಮ್ಮನೇಲೇ ಕೂತು ರೆಕಾರ್ಡ್ ಮಾಡ್ಕೊಂಡಿದ್ದ ಕ್ಯಾಸೆಟ್ ನೋಡಿ, ಕರಕರ ಅನ್ನೋದು, ಪಾತ್ರೆ ಸದ್ದು, ಬಾಗಿಲ ಸದ್ದು. ಎಲ್ಲಾ ತೆಗೆದೆ. ಅಕ್ಕೀಲಿ ಕಲ್ಲು ಆರಿಸ್ದಂಗೆ ಆರಿಸಿ ಆರಿಸಿ..."

"... ಏನಂದ್ರಿ?... ಯಾರ ದನಿ?... ಅಮ್ಮನದಾ?"

ನೆನಪಿಲ್ಲದೆ ಏನು! ಗಂಟೆ ತಾತ ಬಾಯಿ ಬಿಟ್ಟಾಗಲೆಲ್ಲ ಒಳಗಿಂದ ಹೆಂಗಸೊಬ್ಬಳು ನಡುವೆ ಬಾಯಿ ಹಾಕುತ್ತಿದ್ದಳು. "ಈಯಮ್ಮಂಗೆ ಒಂದು ಗಳಿಗೆ ಸುಮ್ಮನಿರಕ್ಕೆ ಬರಲ್ವಾ" ಅಂತ ಗೊಣಗುತ್ತಾ ಇವಳು ಅಲ್ಲಲ್ಲೇ ಕತ್ತರಿಸಿ ಎಸೆದಿದ್ದಳು.

"... ಹಾಂ, ಕೇಳಿಸ್ತಿದೆ... ನೀವೂ ಅವತ್ತು ಮನೇಲಿದ್ರಾ? ಚಿಕ್ಕ ಹುಡುಗಿ ಆಗ... ಮುಂದಿನ ವರ್ಷಾನೇ ಅಮ್ಮ ಹೋದ್ರಾ? ಅಯ್ಯೋ... ಬೇರೆಲ್ಲೂ ಇಲ್ವಾ ಅವರ ದನಿ? ಯಾರದಾದ್ರೂ ಮದುವೆ ವಿಡಿಯೋ, ಏನಾದ್ರೂ?... ಎಲ್ಲೂ ಇಲ್ಲ... ಮುಖ ಫೋಟೋದಲ್ಲಿದೆ, ದನಿ ಹೇಗಿತ್ತು ಅನ್ನೋದೇ ಮರೆತುಹೋಗಿದೆ ಅಂತೀರಾ..."

"... ಕ್ಯಾಸೆಟ್ಟಾ? ಅದು... ಅದು ತೇವ ಹಿಡಿದಿತ್ತು ನೋಡಿ. ಅಮ್ಮನ ಮಾತು ಇದ್ದ ಕಡೇನೇ ಹಾಳಾಗಿಬಿಟ್ಟಿದೆ. ನಮ್ಮ ಕೈಲೇನಿದೆ ಹೇಳಿ."

ಸುಳ್ಳು ಬಂದದ್ದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ. ಕ್ಯಾಸೆಟ್ಟು ಪುಡಿ ಉದುರುತ್ತಿದ್ದದ್ದು ನಿಜ. ಆದರೂ ಒಂದು ಸಲ ಪೂರ್ತಿ ಓಡಿತ್ತು, ಎಲ್ಲ ಮಾತೂ ಕಂಪ್ಯೂಟರಿಗೆ ಇಳಿದಿತ್ತು. ಚೊಕ್ಕ ಮಾಡಿದ್ದನ್ನು ಇಟ್ಟುಕೊಂಡು, ಇದ್ದ ಹಾಗೇ ಇದ್ದದ್ದನ್ನು ಜಾಗ ತಿನ್ನುತ್ತೆ ಅಂತ ಅಳಿಸಿ, ಕ್ಯಾಸೆಟ್ಟನ್ನು ಕಸಕ್ಕೆ ಹಾಕಿದ ಪುಣ್ಯಾತ್ಗಿತ್ತಿ ಇವಳೇ. ಹಳೆಯದನ್ನು ಕಾಯುವುದಕ್ಕೇ ಸಂಬಳ ತಗೊಳ್ಳುವವಳು! ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

"... ತಂದೆಯವರ ದನಿಯಾದ್ರೂ ಉಳಿಸಿದ್ದಕ್ಕಾ? ಅಯ್ಯೋ, ನನಗ್ಯಾಕೆ ಥ್ಯಾಂಕ್ಸು? ಬೇಡ, ದಯವಿಟ್ಟು ಹೇಳ್ಬೇಡಿ... ಒಂದ್ನಿಮಿಷ, ಫೋನ್ ಇಡ್ಬೇಡಿ. ಒಂದು ಚೂರು ಇದೆ. ಇಬ್ಬರೂ ಒಟ್ಟಿಗೆ ಮಾತಾಡಿರೋದು. ಬಿಡಿಸಕ್ಕಾಗ್ದೆ, ಆಮೇಲೆ ನೋಡೋಣ ಅಂತ ಬೇರೆ ಎತ್ತಿಟ್ಟಿದ್ದೆ. ನಿಮಗೆ ಕಳಿಸಿದ್ರಲ್ಲಿ ಅದಿಲ್ಲ... ಇರಿ, ಹಾಕ್ತೀನಿ."

ಫೋನನ್ನು ಸ್ಪೀಕರಿಗೆ ಹಿಡಿದಳು. ಗಂಟೆ ತಾತ ಎದೆಯುಬ್ಬಿಸಿ ಹೇಳುತ್ತಿದ್ದ, "ಇಷ್ಟು ವರ್ಷದಲ್ಲಿ ಒಂದು ದಿನಾನೂ ಕಾಲೇಜಿನ ಗಂಟೆ ತಪ್ಪಿಸಿದವನಲ್ಲ ನಾನು..." ಅದರ ಮೇಲೇ, ಒಳಗಿಂದ, ನಗು ತಡೆಯಲಾಗದ ದನಿ: "ಸುಳ್ಳು ಹೇಳ್ಬೇಡ್ರೀ! ಮಗಳು ಹುಟ್ಟಿದ ದಿನ ಗಂಟೆ ಮರೆತು ಆಸ್ಪತ್ರೇಲಿ ಕುಣೀತಿದ್ರಲ್ಲ!"

"... ಕೇಳಿಸ್ತಾ?... ಅಳ್ಬೇಡಿ, ಅಳ್ಬೇಡಿ... ಹಾಂ, ನಿಮ್ಮ ಬಗ್ಗೇನೇ ಅಲ್ವಾ... ಇನ್ನೊಂದ್ಸಲಾನಾ? ಹಾಕ್ತೀನಿ."

ಸುಳ್ಳು ಹೇಳ್ಬೇಡ್ರೀ. ಎರಡನೇ ಸಲ ಅದು ನೇರ ಬಂದು ಇವಳ ಕೆನ್ನೆಗೇ ಬಾರಿಸಿತು.

"ನೋಡಿ... ತೇವ ಗೀವ ಏನೂ ಇಲ್ಲ. ಅಮ್ಮನ ದನಿ ಪೂರ್ತಿ ಇತ್ತು, ಮಾತಿಗೊಂದ್ಸಲ ಇತ್ತು. ಗದ್ದಲ ಅಂತ ನಾನೇ ತೆಗೆದೆ. ಕೈಯಾರೆ... ಇಲ್ಲ, ಇನ್ನೆಲ್ಲೂ ಇಲ್ಲ, ಅಳಿಸಿಬಿಟ್ಟೆ. ಕಲ್ಲು ಅಂತ ಎಸೆದದ್ದೇ ಅಕ್ಕಿ ಆಗಿತ್ತು. ಬೈರಿ, ಏನ್ ಬೇಕಾದ್ರೂ ಅನ್ನಿ... ಹಲೋ? ಇದೀರಾ?"

"... ಏನು ಕೇಳಿದ್ರಿ?... ಅಮ್ಮನ ಮಾತು ಕೇಳಿದೀರಾ ಅಂತಾನಾ? ನಾನಾ? ಹೌದು, ಪೂರ್ತಿ ಕೇಳಿದೀನಿ. ಒಂದೊಂದೂ ಕೇಳಿ ಕೇಳಿ ತಾನೇ ತೆಗೆದದ್ದು..."

ಬೈಗುಳ ಬಂದಿದ್ದರೆ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಇದಕ್ಕೆ ಏನು ಮಾಡುತ್ತಾಳೆ? ಗಂಟೆ ತಾತನೂ ಹೋದ ವರ್ಷ ತೀರಿಕೊಂಡಿದ್ದ. ಅವತ್ತಿನ ಮಾತು ಉಳಿದಿರುವುದು ಇನ್ನು ಇವಳೊಬ್ಬಳ ಕಿವಿಯಲ್ಲಿ.

"... ನಾನು ಹೇಳಿದ್ರೆ ಅವರ ದನಿ ಬರುತ್ತೇನ್ರೀ?... ಆಯ್ತು. ಆಯ್ತು, ನೆನಪಿದ್ದಷ್ಟೂ ಹೇಳ್ತೀನಿ. ಸಕ್ಕರೆ ಡಬ್ಬಿ ಎಲ್ಲಿಟ್ರಿ ಅಂತ ತಂದೆಯವರನ್ನ ಗದರ್ತಾರೆ... ನಗ್ತಿದೀರಾ? ಹೌದಾ, ಹಾಗೇನಾ ಅವರು?... ಆಮೇಲೆ ನಿಮ್ಮನ್ನ ಕರೀತಾರೆ. ನಿಮ್ಮ ಹೆಸರಲ್ಲ, ಏನೋ ಮುದ್ದಿನ ಹೆಸರು... ನಿಮಗೂ ಮರೆತಿದೆಯಾ? ತಾಳಿ, ನಾಲಿಗೆ ತುದೀಲೇ ಇದೆ... ಹಾಂ! ಬಟಾಣಿ! ಹೀಗೇ ಕೂಗ್ತಾರೆ ನೋಡಿ, 'ಬಟಾಣೀ, ಎಲ್ಲಿದೀಯೇ? ಬಾರೇ ಇಲ್ಲಿ'... ಹಲೋ?... ಕೇಳಿಸ್ತಾ?... ಹಲೋ?"

ಲೈನು ಕಟ್ಟಾಗಿತ್ತು. ಪೆಟ್ಟಿಗೆ ಮೇಡಂ ಮರೆತೀನು ಅನ್ನುವ ಭಯಕ್ಕೆ ಬಟಾಣಿ, ಬಟಾಣಿ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಮತ್ತೆ ನಂಬರು ಒತ್ತತೊಡಗಿದಳು.