ಗಂಟೆ ಹೊಡೆದರೆ ಉಣ್ಣುವ ಮಗು

ಯುದ್ಧ ಶುರುವಾದ ಮೇಲೆ ಹಲಸೂರಿನಲ್ಲಿ ಸೀಮೆಎಣ್ಣೆಗೂ ಸಾಲು. ನಿಂತು ನಿಂತು ನನ್ನ ಕಾಲು ಸೋತಿತ್ತು. ಮುಂದೆ ಜೋಗುಪಾಳ್ಯದ ಚಿಕ್ಕಮುನಿಯಮ್ಮ. ಸೆರಗು ಹಿಡಿದು ನಿಂತಿದ್ದ ಪುಟ್ಟ ಹುಡುಗಿಯನ್ನು ಅನಾಥಾಶ್ರಮದಿಂದ ಸಾಕಲು ತಂದುಕೊಂಡಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಆ ಆಶ್ರಮದ ಮೇಲ್ವಿಚಾರಕಿ ಅವಳನ್ನು ಕಂಡು ನಿಂತರು.

“ಇವಳು ಬೀದೀಲಿ ಹೊರಳಾಡಿ ಅಳ್ತಾಳಂತೆ. ನಮ್ಮಲ್ಲಿದ್ದಾಗ ಒಂದು ದಿನವೂ ಅತ್ತೋಳಲ್ಲ.”

“ಅತ್ರೆ ಯಾರು ಬರ್ತಿದ್ರು ಅಲ್ಲಿ?”

“ನಾಲಗೆ ಬಿಗಿ ಹಿಡಿ. ಸಾಕೋಕೆ ಕೊಟ್ಟಿದ್ದು, ಕೆಡಿಸೋಕಲ್ಲ. ಹೊತ್ತಿಗೆ ಸರಿಯಾಗಿ ಉಣ್ತಿದ್ಲು.”

“ಗಂಟೆ ಹೊಡೆದ್ರೆ ಉಣ್ತಿದ್ಲು. ನಮ್ಮನೇಲಿ ತಟ್ಟೆ ಮುಂದೆ ಸುಮ್ನೆ ಕೂತಿರೋಳು. ಲೋಟಕ್ಕೆ ಸೌಟಲ್ಲಿ ಬಡಿದ ಮೇಲೇನೇ ಅನ್ನಕ್ಕೆ ಕೈ ಹಾಕ್ತಿದ್ಲು. ಇದೇನು ಮನೇನಾ, ಗುಡೀನಾ ಅಂತಿದ್ರು ನಮ್ಮೋರು.”

“ಅದಕ್ಕೆ ಶಿಸ್ತು ಅಂತಾರೆ.”

“ಬೆಂಕಿ ಹಾಕ ಆ ಶಿಸ್ತಿಗೆ. ಹಸಿವು ಅಂತ ಬಾಯಿಬಿಟ್ಟು ಕೇಳೋದೇ ಕಲಿಸಿರ್ಲಿಲ್ಲ ನೀವು.”

“ಸೋಮವಾರ ತಂದು ಒಪ್ಪಿಸು. ಬೇರೆಯೋರಿಗೆ ಕೊಡ್ತೀವಿ.”

“ಸೋಮವಾರ ಯಾಕೆ? ಕರೀರಿ, ಬಂದ್ರೆ ಈಗ್ಲೇ ಕರ್ಕೊಂಡ್ಹೋಗಿ.”

ಮೇಲ್ವಿಚಾರಕಿ ಕೈ ಚಾಚಿದರು. ಹುಡುಗಿ ಸೆರಗು ಬಿಟ್ಟು ಸುಮ್ಮನೆ ಆ ಕೈ ಹಿಡಿದಳು. ಚಿಕ್ಕಮುನಿಯಮ್ಮನ ಮುಖ ಬಿಳಚಿಕೊಂಡಿತು.

“ನೋಡ್ದೆಯಾ? ಯಾರು ಕರೆದ್ರೂ ಬರ್ತಾಳೆ. ಹಾಗೆ ಬೆಳೆಸಿದೀವಿ.”

ನಾಲ್ಕು ಹೆಜ್ಜೆ ಹೋಗಿರಬೇಕು. ಹುಡುಗಿ ನಿಂತಳು, ತಿರುಗಿ ನೋಡಿದಳು.

“ಅವ್ವಾ, ಹೊಟ್ಟೆ ಹಸೀತೈತೆ.”

ಚಿಕ್ಕಮುನಿಯಮ್ಮ ಸಾಲು ಬಿಟ್ಟಳು, ಎಣ್ಣೆಯ ಆಸೆಯನ್ನೂ ಬಿಟ್ಟಳು. ಹೋಗಿ ಮಗುವನ್ನು ಕಿತ್ತುಕೊಂಡು ಸೊಂಟಕ್ಕೇರಿಸಿದಳು.

“ಸೋಮವಾರ,” ಎಂದರು ಮೇಲ್ವಿಚಾರಕಿ.

“ಸೋಮವಾರ ನಿಮ್ಮ ಗಂಟೆ ನೀವೇ ಹೊಡ್ಕೊಳ್ಳಿ,” ಎಂದು ಅವಳು ತಿರುಗಿ ನೋಡದೆ ಜೋಗುಪಾಳ್ಯದ ಕಡೆ ನಡೆದಳು.